ಮೂರು ಸಲ ಎತ್ತಿದ ಹಲಗೆ

ಗ್ಲಾಸ್ಗೋದ ನಮ್ಮ ಎರಡು ಕೋಣೆಯ ಮನೆಯಲ್ಲಿ ಒಗೆದ ಬಟ್ಟೆ ಒಣಗಲು ನಾಲ್ಕು ದಿನ ಬೇಕಾಗುತ್ತಿತ್ತು. ಕಿಟಕಿಯಾಚೆ ಮಳೆ ನಿಲ್ಲುತ್ತಿರಲಿಲ್ಲ, ಕಿಟಕಿಯೀಚೆ ನನ್ನ ಕಾಲು ನಿಲ್ಲುತ್ತಿರಲಿಲ್ಲ. ಗಂಡ ಆಸ್ಪತ್ರೆಯ ಕೆಲಸ ಮುಗಿಸಿ ಬಂದು ಮಲಗಿದರೆ ನಾನು ಅಡುಗೆಮನೆಗೂ ಬಾಗಿಲಿಗೂ ನಡುವೆ ಗಾಣದೆತ್ತಿನ ಹಾಗೆ ತಿರುಗುತ್ತಿದ್ದೆ. ಊರು ಬಿಟ್ಟು ಮೂರು ವರ್ಷವಾಗಿತ್ತು. ವಾರದ ಐದು ದಿನ ಯಾರದೋ ಮದುವೆ, ಯಾರದೋ ಮಕ್ಕಳ ಫೋಟೋ ತೊಳೆದುಕೊಡುವ ಅಂಗಡಿಯಲ್ಲಿ ಕೆಲಸ. ಶನಿವಾರ ಭಾನುವಾರ ಬೆಳಿಗ್ಗೆ ಒಂದು ಸಣ್ಣ ಫಿಲಂ ಕಾರ್ಯಾಗಾರದಲ್ಲಿ ಬೇರೆಯವರ ಚಿತ್ರಗಳ ತುಂಡುಗಳಿಗೆ ಟೇಪು ಅಂಟಿಸುವ ಕೆಲಸ. ನನ್ನದೇ ಒಂದು ಚಿತ್ರ ಮಾಡಬೇಕು ಅನ್ನುವುದು ಆಸೆಯಾಗಿ ಉಳಿದಿರಲಿಲ್ಲ, ತುರಿಕೆಯಾಗಿತ್ತು.

ವಿಷಯ ಸಿಕ್ಕಿದ್ದು ಆ ಒದ್ದೆ ಬಟ್ಟೆಗಳ ನಡುವೆಯೇ. ಇಲ್ಲಿ ಬೇಡವೆಂದರೂ ಸುರಿಯುವ ನೀರು ನನ್ನ ದೊಡ್ಡಪ್ಪನ ಊರಿನಲ್ಲಿ ಸರದಿಯ ಮೇಲೆ ಬರುತ್ತದೆ. ನಾನು ಹುಟ್ಟಿ ಬೆಳೆದದ್ದು ನಾಗಮಂಗಲದಲ್ಲಿ, ತೆಂಗು ರಾಗಿ ಕಂಡ ಒಣ ಸೀಮೆ. ದಸರಾ ರಜೆಗೆ ಅಕ್ಕಿಹೆಬ್ಬಾಳಿನ ಹತ್ತಿರ ಹೇಮಾವತಿ ದಂಡೆಯಲ್ಲಿರುವ ದೊಡ್ಡಪ್ಪನ ಊರಿಗೆ ಹೋದರೆ ಅಲ್ಲಿನ ಕಾಲುವೆ ನನಗೆ ಸಮುದ್ರದಂತೆ ಕಾಣುತ್ತಿತ್ತು. ಆ ಕಾಲುವೆಯ ಮೇಲೆ ಅಧಿಕಾರವಿದ್ದದ್ದು ಊರಿನ ಯಾವ ಗೌಡರಿಗೂ ಅಲ್ಲ, ಒಂದು ಗುದ್ದಲಿ ಹಿಡಿದು ಏರಿಯ ಮೇಲೆ ಓಡಾಡುವ ನೀರುಗಂಟಿಗೆ. ಯಾವ ಊರಿಗೆ, ಯಾವ ಗದ್ದೆಗೆ, ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವುದು ಅವನ ಕೆಲಸ. ಸುಗ್ಗಿಯಲ್ಲಿ ಪ್ರತಿ ಮನೆಯವರೂ ಅವನಿಗೆ ಒಂದು ಹೊರೆ ಭತ್ತ ಕೊಡುತ್ತಿದ್ದರು. ಅವನ ಮೇಲೆ ಇಪ್ಪತ್ತು ನಿಮಿಷದ ಸಾಕ್ಷ್ಯಚಿತ್ರ ಮಾಡುತ್ತೇನೆ ಎಂದು ಕಾರ್ಯಾಗಾರದ ಮೇಲ್ವಿಚಾರಕಿಗೆ ಹೇಳಿದೆ. ಆಕೆ ಒಪ್ಪಿದಳು. ಮುಂದಿನ ಜುಲೈ ಕೊನೆಯ ವಾರ ಚಿತ್ರದ ಕಚ್ಚಾ ಜೋಡಣೆಯನ್ನು ನಾನೇ ಸಮಿತಿಗೆ ತೋರಿಸಬೇಕು, ಮೆಚ್ಚಿದರೆ ಪ್ರಿಂಟು ಹಾಕಿಸಿ ಅವರೇ ಪ್ರದರ್ಶನಕ್ಕೆ ಇಡುತ್ತಾರೆ, ಆ ವಾರ ತಪ್ಪಿದರೆ ಜಾಗ ಇನ್ನೊಬ್ಬರಿಗೆ. ನಾನು ಅಲ್ಲೇ ತಲೆಯಾಡಿಸಿದೆ.

ಅಕ್ಟೋಬರಿನಲ್ಲಿ ಊರಿಗೆ ಬಂದಾಗ ಜೊತೆಗೆ ಇದ್ದದ್ದು ಇಬ್ಬರು. ಒಂದು, ಕೀ ಕೊಟ್ಟು ಓಡಿಸುವ ಹಳೆಯ ಹದಿನಾರು ಎಂ.ಎಂ. ಕ್ಯಾಮೆರಾ. ಅದನ್ನೂ ಆಳು ಎಂದೇ ಲೆಕ್ಕ ಹಿಡಿಯಬೇಕು, ಅಷ್ಟು ಹಠ ಅದಕ್ಕೆ. ಎರಡು, ಕಾರ್ಯಾಗಾರದ ಗೆಳತಿ, ಸದ್ದು ಹಿಡಿಯುವವಳು. ಅವಳಿಗೆ ಕನ್ನಡದ ಒಂದಕ್ಷರ ಬಾರದು. ಊರಿನವರು ಅವಳನ್ನು ಬಿಳಿಯವ್ವ ಎಂದು ಕರೆದರು, ಅವಳು ಎಲ್ಲರಿಗೂ ಕೈ ಮುಗಿದಳು. ಕ್ಯಾಮೆರಾಗೆ ಒಂದು ಸಲ ಪೂರ್ತಿ ಕೀ ಕೊಟ್ಟರೆ ಇಪ್ಪತ್ತೆಂಟು ಸೆಕೆಂಡು ಓಡುತ್ತಿತ್ತು, ಒಂದು ಡಬ್ಬಿ ಫಿಲಂ ಮೂರು ನಿಮಿಷಕ್ಕೂ ಬರುತ್ತಿರಲಿಲ್ಲ. ಅವಳ ರೆಕಾರ್ಡರಿನ ಟೇಪು ಮಾತ್ರ ಒಮ್ಮೆ ಒತ್ತಿದರೆ ಹದಿನೈದು ನಿಮಿಷ ತನ್ನ ಪಾಡಿಗೆ ಸುತ್ತುತ್ತಿತ್ತು. ಚಿತ್ರಕ್ಕೆ ಜಿಪುಣತನ, ಸದ್ದಿಗೆ ಧಾರಾಳ. ಈ ವ್ಯತ್ಯಾಸದಿಂದ ಏನಾಗಬಹುದು ಎಂದು ಆಗ ನಾನು ಯೋಚಿಸಿರಲಿಲ್ಲ.

ಮೊದಲ ವಾರ ಬರೀ ಕಾಟ. ಬಿಸಿಲಿಗೆ ಫಿಲಂ ಕೆಡುತ್ತದೆಂದು ಡಬ್ಬಿಗಳನ್ನು ಕೆ.ಆರ್.ಪೇಟೆಯ ಔಷಧಿ ಅಂಗಡಿಯ ಫ್ರಿಜ್ಜಿನಲ್ಲಿ ಇಟ್ಟಿದ್ದೆ. ಬೆಳಿಗ್ಗೆ ಶೀಳನೆರೆ ಕಡೆಯಿಂದ ಬರುವ ಬಸ್ಸು ಹಿಡಿದು ಹೋಗಿ ಎರಡು ಡಬ್ಬಿ ತರುವುದು, ಸಂಜೆ ತೆಗೆದುಕೊಂಡು ಹೋಗಿ ವಾಪಸು ಇಡುವುದು. ಕಪ್ಪು ಚೀಲದೊಳಗೆ ಕೈ ತೂರಿಸಿ ಕಣ್ಣು ಕಾಣದೆ ಫಿಲಂ ತುಂಬುವಾಗ ಬೆವರು ಮೊಣಕೈವರೆಗೆ ಇಳಿಯುತ್ತಿತ್ತು. ಒಂದು ದಿನದ ಕೆಲಸವನ್ನೆಲ್ಲ ಒಂದು ಕೂದಲೆಳೆ ತಿಂದುಹಾಕಿತು, ಲೆನ್ಸಿನ ಹಿಂದೆ ಫಿಲಂ ಜಾರುವ ಕಿಂಡಿಯಲ್ಲಿ ಕೂತಿತ್ತು. ಇನ್ನು ಜನ. ಕ್ಯಾಮೆರಾ ಎತ್ತಿದರೆ ಕಳೆ ಕೀಳುತ್ತಿದ್ದ ಹೆಂಗಸರು ಎದ್ದು ನಿಂತು ಸೆರಗು ಸರಿಮಾಡಿಕೊಂಡು ಸಾಲಾಗಿ ನೋಡುತ್ತಿದ್ದರು. ನನಗೆ ರೇಗುತ್ತಿತ್ತು. ರೇಗಿದ್ದು ಅವರಿಗೆ ಕಾಣಬಾರದೆಂದು ನಗುತ್ತಿದ್ದೆ, ಆ ನಗು ನೋಡಿ ಅವರು ಇನ್ನೂ ಹತ್ತಿರ ಬರುತ್ತಿದ್ದರು.

ನೀರುಗಂಟಿಗೆ ಮಾತ್ರ ಕ್ಯಾಮೆರಾದ ಹಂಗಿರಲಿಲ್ಲ. ಐವತ್ತರ ಆಸುಪಾಸು, ಒಣಕಲು ಮೈ, ಮಂಡಿವರೆಗೆ ಎತ್ತಿ ಕಟ್ಟಿದ ಪಂಚೆ. ನಾನು ನೋಟುಪುಸ್ತಕದಲ್ಲಿ ನಲವತ್ತು ಪ್ರಶ್ನೆ ಬರೆದುಕೊಂಡು ಹೋಗಿದ್ದೆ. ಕಾಲುವೆ ಯಾವ ಕಾಲದ್ದು, ತಾತ ಮುತ್ತಾತ ಯಾರು, ಕನಸಿನಲ್ಲಿ ನೀರು ಬರುತ್ತದೆಯೇ ಎಂದೆಲ್ಲ. ಅವನು ಎಲ್ಲದಕ್ಕೂ ಸಮಾಧಾನದಿಂದ ಉತ್ತರ ಕೊಟ್ಟ. ಕನಸಿನ ಪ್ರಶ್ನೆಗೆ ಮಾತ್ರ, "ನಿದ್ದೆ ಬಂದ್ರಲ್ವಾ ಅವ್ವ ಕನ್ಸು" ಅಂದ. ಕಾಲುವೆ ಊರಿನ ಮೇಲುಗಡೆ ಒಂದು ಕಡೆ ಕವಲೊಡೆಯುತ್ತದೆ. ಎಡಗಡೆಯ ಕವಲು ನಮ್ಮೂರ ಗದ್ದೆಗೆ, ಬಲಗಡೆಯದು ಕೆಳಗಿನೂರಿಗೆ. ನಾಲ್ಕು ದಿನ ಅವರಿಗೆ, ನಾಲ್ಕು ದಿನ ನಮಗೆ. ಸರದಿ ಇಲ್ಲದ ಕವಲಿಗೆ ಮರದ ಹಲಗೆ ಇಳಿಸಿ, ಸಂದಿಗೆ ಹುಲ್ಲು ಮಣ್ಣು ಮೆತ್ತಿ ನೀರು ನಿಲ್ಲಿಸುತ್ತಾನೆ. ನಲವತ್ತು ಪ್ರಶ್ನೆಗಳಲ್ಲಿ ಒಂದನ್ನು ನಾನು ಬರೆದಿರಲಿಲ್ಲ, ಕೇಳಿರಲೂ ಇಲ್ಲ: ಇವತ್ತು ಯಾರ ಸರದಿ?

ಹೊರಡಲು ಮೂರೇ ದಿನ ಉಳಿದಿತ್ತು. ಚಿತ್ರದ ಹೃದಯ ಎಂದು ನಾನು ತಿಳಿದಿದ್ದ ದೃಶ್ಯ ಇನ್ನೂ ಸಿಕ್ಕಿರಲಿಲ್ಲ. ಒಣಗಿದ ಕಾಲುವೆಯ ತಳ, ಅದರ ಮೇಲೆ ಮೊದಲ ನೀರು ತರಗೆಲೆ ಇರುವೆ ನೊರೆ ಎಲ್ಲವನ್ನೂ ತಳ್ಳಿಕೊಂಡು ಕ್ಯಾಮೆರಾದತ್ತ ಬರಬೇಕು. ರಾತ್ರಿ ಊಟಕ್ಕೆ ಕೂತಾಗ ಇದನ್ನೇ ಗೊಣಗುತ್ತಿದ್ದೆ.

"ನೀರು ಬರೋದು ತಾನೆ ನಿಂಗೆ ಬೇಕಾಗಿರೋದು? ಅದಕ್ಕ್ಯಾಕೆ ಮುಖ ಊದುಸ್ಕೊಂಡು ಕೂತಿದ್ದೀಯ?" ಅಂದರು ದೊಡ್ಡಪ್ಪ. "ನಾಳೆ ಬೆಳಿಗ್ಗೆ ಕವಲ್ತಾವ ಬಾ. ನೀರುಗಂಟಿಗೆ ನಾನ್ ಏಳ್ತೀನಿ."

"ಕಾಲುವೆ ಒಣಗಿರಬೇಕು ದೊಡ್ಡಪ್ಪ."

"ಒಣಗೇ ಅದೆ, ತಿನ್ನು."

ದೊಡ್ಡವ್ವ ಇನ್ನೊಂದು ಮುದ್ದೆ ಹಾಕಿದಳು. ನನಗೆ ಪ್ರಾಣ ಬಂದ ಹಾಗಾಯಿತು.

ಮರುದಿನ ಕವಲಿನಿಂದ ನೂರು ಹೆಜ್ಜೆ ಕೆಳಗೆ, ನಮ್ಮ ಎಡಗವಲಿನ ತಳದಲ್ಲಿ ಅಂಗಾತ ಇಟ್ಟಿಗೆ ಜೋಡಿಸಿ ಅದರ ಮೇಲೆ ಕ್ಯಾಮೆರಾ ಕೂರಿಸಿದೆ. ಗೆಳತಿಯನ್ನು ಕವಲಿನ ಹತ್ತಿರವೇ ನಿಲ್ಲಿಸಿದೆ, ಹಲಗೆ ಮೇಲೇಳುವ ಕಿರ್ರೆನ್ನುವ ಸದ್ದು ಅಲ್ಲಿ ಚೆನ್ನಾಗಿ ಸಿಗುತ್ತದೆಂದು. ನಾನು ಬೊಬ್ಬೆ ಹೊಡೆದು ಹೇಳಿದಾಗ ಹಲಗೆ ಎತ್ತಬೇಕು. ಅಲ್ಲಿ ದೊಡ್ಡಪ್ಪನೂ ನೀರುಗಂಟಿಯೂ ಮಾತಾಡುತ್ತಿರುವುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ನೀರು ಬಂತು. ಬಂದದ್ದೇನೋ ಸರಿ, ಅದರ ಮೇಲೆ ನನ್ನದೇ ನೆರಳು ಉದ್ದಕ್ಕೆ ಬಿದ್ದಿತ್ತು. "ಮುಚ್ಚಿಬಿಟ್ಟು ಇನ್ನೊಂದ್ಸಲ!" ಎಂದು ಕೂಗಿದೆ. ಮುಚ್ಚಿದರೆ ಸಾಲದು, ತಳ ಮತ್ತೆ ಒಣಗಿದ ಹಾಗೆ ಕಾಣಬೇಕು. ನೀರು ಇಂಗುವವರೆಗೆ ಕಾದೆವು. ನಾನೇ ಒಣ ಮಣ್ಣು, ತರಗೆಲೆ ತಂದು ಒದ್ದೆ ಜಾಗದ ಮೇಲೆ ಉದುರಿಸಿದೆ. ಎರಡನೆಯ ಸಲ ಕ್ಯಾಮೆರಾವನ್ನು ಬೇಗ ಓಡಿಸಿಬಿಟ್ಟೆ, ನೀರು ಅದನ್ನು ಮುಟ್ಟುವ ಮುಂಚೆ ಕೀ ತೀರಿ ಓಟ ನಿಂತಿತು. ಮತ್ತೆ ಮುಚ್ಚಿಸಿದೆ, ಮತ್ತೆ ಕಾದೆ, ಮತ್ತೆ ಮಣ್ಣು ಉದುರಿಸಿದೆ. ನೀರುಗಂಟಿ ಏರಿಯ ಮೇಲೆ ಬಂದು ನಿಂತು ಕೇಳಿದ.

"ಸಾಕಾಯ್ತೇನವ್ವ?"

"ಇದೊಂದೇ ಸಲ."

ಅವನು ಒಮ್ಮೆ ಸೂರ್ಯನನ್ನು ನೋಡಿದ, ಒಮ್ಮೆ ನನ್ನನ್ನು. ಎಂಥ ಮುಖ ಎನ್ನಿಸಿ ಆ ನೋಟವನ್ನೂ ಹತ್ತು ಸೆಕೆಂಡು ಹಿಡಿದುಕೊಂಡೆ. ಮೂರನೆಯ ಸಲ ಎಲ್ಲ ಕೂಡಿಬಂತು. ನೀರಿನ ತುದಿ ಹಾವಿನಂತೆ ತಡವರಿಸುತ್ತ ಬಂತು, ಒಂದು ಹೊಂಗೆಯ ಎಲೆ ಅದರ ಮುಂದೆ ಉರುಳಿತು, ನೊರೆ ಲೆನ್ಸಿನ ಅಂಚಿಗೆ ಬಂದು ನಿಂತಿತು. ಹೊತ್ತು ನೋಡಿದರೆ ಮೂರು ಗಂಟೆ. ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿದ್ದೆವು. ಮರುದಿನ ಶ್ರೀರಂಗಪಟ್ಟಣದ ಸೇತುವೆಯಿಂದ ಹೊಳೆ ತೆಗೆಯಲು ಹೋಗಿ ಇಡೀ ದಿನ ಕಳೆದೆ, ಅದರಲ್ಲಿ ಒಂದು ಅಡಿಯೂ ಚಿತ್ರಕ್ಕೆ ಬರಲಿಲ್ಲ.

ಗ್ಲಾಸ್ಗೋದಲ್ಲಿ ತೊಳೆದು ಬಂದ ಫಿಲಂ ನೋಡಿದಾಗ ಮೇಲ್ವಿಚಾರಕಿ ಎರಡು ಸಲ ಆ ದೃಶ್ಯವನ್ನು ಹಿಂದಕ್ಕೆ ಓಡಿಸಿ ನೋಡಿದಳು. "ನಿನ್ನ ಚಿತ್ರ ಇಲ್ಲಿದೆ" ಅಂದಳು. ನಾನು ಅವತ್ತು ಮನೆಯವರೆಗೆ ಮಳೆಯಲ್ಲಿ ನಡೆದುಕೊಂಡೇ ಬಂದೆ. ಚಳಿಗಾಲವಿಡೀ, ವಸಂತವಿಡೀ ಶನಿವಾರ ಭಾನುವಾರ ಮೇಜಿನ ಮುಂದೆ ಕೂತು ಕತ್ತರಿಸಿದೆ, ಅಂಟಿಸಿದೆ, ಮತ್ತೆ ಬಿಡಿಸಿದೆ. ಆ ನೀರು ಮೊದಲು ಬರಬೇಕೋ ಕೊನೆಗೆ ಬರಬೇಕೋ ಎನ್ನುವುದರಲ್ಲೇ ಆರು ವಾರ ಹೋಯಿತು. ಹಲಗೆಯ ಕಿರ್ರೆನ್ನುವ ಸದ್ದನ್ನು ಟೇಪಿನ ಶುರುವಿನಿಂದ ಹತ್ತು ಸೆಕೆಂಡು ತೆಗೆದುಕೊಂಡು ಉಳಿದದ್ದನ್ನು ಪೆಟ್ಟಿಗೆಯಲ್ಲಿ ಬಿಟ್ಟಿದ್ದೆ. ಆ ಪೆಟ್ಟಿಗೆಯ ಮೇಲೆ ಗೆಳತಿ ತನ್ನ ಭಾಷೆಯಲ್ಲಿ ಬರೆದಿದ್ದಳು, "ಹಲಗೆ, ನೀರು, ಗಂಡಸರ ಮಾತು" ಎಂದು.

ಮೇ ತಿಂಗಳಲ್ಲಿ ದೊಡ್ಡಪ್ಪನ ಮಗಳ ಏರೋಗ್ರಾಂ ಕಾಗದ ಬಂತು. ಹಸು ಕರು ಹಾಕಿದ್ದು, ದೊಡ್ಡವ್ವನ ಮಂಡಿನೋವು, ಪಕ್ಕದ ಮನೆಯ ಮದುವೆ. ಜಾಗ ಮುಗಿದು ಮಡಿಚುವ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಹೀಗಿತ್ತು: "ನೀನು ಸಿನಿಮಾ ತೆಗೆದೆಯಲ್ಲ, ಆ ನೀರುಗಂಟಿಯನ್ನು ಕೆಲಸ ಬಿಡಿಸಿದರು. ನೀನು ಇಲ್ಲಿದ್ದಾಗಲೇ ಕೆಳಗಿನೂರವರ ಸರದಿ ನೀರನ್ನು ನಮ್ಮ ಕಡೆಗೆ ಮಾರಿಕೊಂಡನಂತೆ. ಕಾಲುವೆಯ ತುದಿಯಲ್ಲಿರುವ ಅವರ ಕೊನೆಗದ್ದೆಗಳ ಭತ್ತವೆಲ್ಲ ಜೊಳ್ಳಾಯಿತು. ಪಂಚಾಯ್ತಿಯಲ್ಲಿ ಕೇಳಿದರೆ ತಪ್ಪಾಯ್ತು ಅಂದನೇ ಹೊರತು ಬೇರೆ ಮಾತಾಡಲಿಲ್ಲ. ಈಗ ಪಾಂಡವಪುರದ ಕಡೆ ಆಲೆಮನೆಯಲ್ಲಿ ಕಬ್ಬು ಹಾಕುತ್ತಾನೆ."

ಅದನ್ನು ಅಡುಗೆಮನೆಯಲ್ಲಿ ನಿಂತೇ ಓದಿದೆ. ಗೆಳತಿ ಪೆಟ್ಟಿಗೆಯ ಮೇಲೆ ಬರೆದಿದ್ದ "ಗಂಡಸರ ಮಾತು" ನೆನಪಾಯಿತು. ಮರುದಿನ ಕಾರ್ಯಾಗಾರದಲ್ಲಿ ಆ ಪೆಟ್ಟಿಗೆ ತೆಗೆದು, ಟೇಪನ್ನು ಯಂತ್ರಕ್ಕೆ ಹಾಕಿ, ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡೆ. ಆ ಕೋಣೆಯಲ್ಲಿ ಐದು ಜನರಿದ್ದರು. ಟೇಪಿನಲ್ಲಿರುವುದು ಅರ್ಥವಾಗುವುದು ನನ್ನೊಬ್ಬಳಿಗೆ.

ಮೊದಲು ದೊಡ್ಡಪ್ಪನ ದನಿ. "ಎತ್ತಲಾ ಅಲಗೆನ. ಉಡುಗಿ ಅಲ್ಲಿ ಕಾಯ್ತಾ ಅವ್ಳೆ."

"ಗೌಡ್ರೆ, ಇವತ್ತು ಕೆಳಗ್ಲೂರ್ ಸರದಿ. ಅದೂ ಕಡೇ ದಿನ. ಕೊನೆಗದ್ದೆಗೆ ನೀರು ಓಗೋದೇ ಇವತ್ತು."

"ಒಂದು ಗಳಿಗೆ ಕಣ್ಲಾ. ಪರದೇಸದಿಂದ ಬಂದವ್ಳೆ ಮನೆಮಗಳು."

"ಪೈರು ಒಡೆ ತುಂಬಿ ಕಾಳು ಕಟ್ಟೋ ಟೇಮು ಗೌಡ್ರೆ. ನಾಳಿಕೆ ನಮ್ ಸರದಿ ಬತ್ತದಲ್ಲ, ನಾಳೆ ತಕ್ಕೊ ಅನ್ನಿ ಅವ್ವಂಗೆ."

"ನಾಳೆ ಅವ್ರು ಶ್ರೀರಂಗಪಟ್ಣಕ್ಕೆ ಓಯ್ತಾವ್ರೆ. ಎತ್ತು ಅಂದ್ರೆ ಎತ್ತಲಾ, ನಾನಿಲ್ವಾ?"

ಆಮೇಲೆ ಹಲಗೆಯ ಸದ್ದು, ನಾನು ಹತ್ತು ಸೆಕೆಂಡು ಕತ್ತರಿಸಿ ಇಟ್ಟುಕೊಂಡಿದ್ದೆನಲ್ಲ, ಅದೇ.

ಯಂತ್ರ ನಿಲ್ಲಿಸಿ ಹೊರಗೆ ಹೋದೆ. ಬೀದಿಯ ಆ ತುದಿಗೂ ಈ ತುದಿಗೂ ಎಷ್ಟು ಸಲ ನಡೆದೆನೋ. ದೊಡ್ಡಪ್ಪನ ಮೇಲೆ ಮೈಯೆಲ್ಲ ಉರಿಯಿತು. ನಾನಿಲ್ವಾ ಅಂದವರು ಪಂಚಾಯ್ತಿಯಲ್ಲಿ ಬಾಯಿ ಹೊಲಿದುಕೊಂಡು ಕೂತಿರಬೇಕು. ಮನಸ್ಸಿನಲ್ಲೇ ಅವರಿಗೆ ನಾಲ್ಕು ಕಾಗದ ಬರೆದು ಹರಿದೆ. ಬೈಯುವುದಕ್ಕೆ ಇನ್ನಷ್ಟು ಸಿಗಲಿ ಎಂದು ಒಳಗೆ ಬಂದು ಆ ಟೇಪಿನ ಉಳಿದ ಭಾಗವನ್ನೂ ಮಿಕ್ಕ ಟೇಪುಗಳನ್ನೂ ಕೇಳಿದೆ.

ಸಿಕ್ಕಿತು. ದೊಡ್ಡಪ್ಪ, "ನಾ ಊಟಕ್ಕೆ ಓಯ್ತೀನಿ, ಆಯ್ತಲ್ಲ ಇನ್ನೇನು, ಮುಚ್ಚುಬುಡು" ಅಂದು ಹೋದ ಸದ್ದು. ಹಲಗೆ ಇಳಿದ ಸದ್ದು. ಆಮೇಲೆ ದೂರದಿಂದ ಒಂದು ಹೆಣ್ಣುದನಿ, ಕೀರಲು, ಸಿಡುಕು, "ಮುಚ್ಚಿಬಿಟ್ಟು ಇನ್ನೊಂದ್ಸಲ! ಚೆನ್ನಾಗಿ ಬರಲಿಲ್ಲ!" ಎಂದು. ಮೈಕಿನ ಹತ್ತಿರ ನೀರುಗಂಟಿ ತನಗೆ ತಾನೇ, "ಇನ್ನೊಂದ್ಸಲವಂತೆ" ಅಂದ. ಎರಡನೆಯ ಟೇಪಿನಲ್ಲೂ ಅದೇ ಕೀರಲು ದನಿ. ಮೂರನೆಯದರಲ್ಲಿ ಅವನು ಗುದ್ದಲಿಯನ್ನು ನೆಲಕ್ಕೆ ಊರಿ ಉಸಿರು ಬಿಟ್ಟದ್ದು ಕೂಡ ಸ್ಪಷ್ಟವಾಗಿತ್ತು. ದೊಡ್ಡಪ್ಪ ಎತ್ತಿಸಿದ್ದು ಒಂದು ಸಲ, ಒಂದು ಗಳಿಗೆಗೆ. ಇನ್ನೆರಡು ಸಲ ಎತ್ತಿಸಿದ್ದು ನಾನು. ಮತ್ತೆ ಮತ್ತೆ ಓಟ ಮುರಿದು ಕೆಳಗಿನೂರಿನ ಐದು ಗಂಟೆಯ ನೀರು ಕೊನೆಗದ್ದೆ ಮುಟ್ಟದೆ ದಾರಿಯಲ್ಲೇ ಇಂಗಿದ್ದು ನನ್ನ ನೆರಳಿಗೆ, ನನ್ನ ಆತುರಕ್ಕೆ. ನನಗೆ ನಾಚಿಕೆಯಾಯಿತು. ಹೆಡ್‌ಫೋನು ತೆಗೆಯಲು ಕೈ ಬರಲಿಲ್ಲ, ತೆಗೆದರೆ ಪಕ್ಕದವರ ಮುಖ ನೋಡಬೇಕಾಗುತ್ತಿತ್ತು.

ಕೆ.ಆರ್.ಪೇಟೆಯ ಫೋನಿನಂಗಡಿಗೆ ಕರೆ ಮಾಡಿ, ದೊಡ್ಡಪ್ಪನ ಮಗಳನ್ನು ಕರೆಸಿ ವಿಚಾರಿಸಿದೆ. ವರ್ಷಕ್ಕೆ ಒಂದೇ ಸಲ, ಕಾಲುವೆಗೆ ಮೊದಲ ನೀರು ಬಿಡುವ ಬೆಳಿಗ್ಗೆ, ಎರಡೂ ಊರವರು ಕವಲಿನ ಹತ್ತಿರ ಸೇರಿ ಆ ಸಾಲಿನ ನೀರುಗಂಟಿ ಯಾರೆಂದು ತೀರ್ಮಾನಿಸುತ್ತಾರೆ. ಆಮೇಲೆ ಮುಂದಿನ ವರ್ಷದವರೆಗೆ ಬದಲಿಲ್ಲ. ಈ ಸಲ ಹೊಸಬನೊಬ್ಬನನ್ನು ನೋಡಿಟ್ಟಿದ್ದಾರೆ. ನೀರು ಬರುವುದು ಜುಲೈ ಕೊನೆಯ ವಾರ. ಅಂದರೆ ಸಮಿತಿ ನನ್ನ ಚಿತ್ರ ನೋಡುವ ವಾರವೇ.

ಮೇಲ್ವಿಚಾರಕಿಗೆ ಎಲ್ಲವನ್ನೂ ಹೇಳಿದೆ. ಆಕೆ ಒಳ್ಳೆಯವಳು. ಒಂದು ಕಾಗದ ಬರೆದು ಕಳಿಸಬಾರದೇ, ಸಮಿತಿ ಮುಗಿಸಿಕೊಂಡು ಹೋಗಬಾರದೇ ಎಂದಳು. ಕಾಗದ ಹೋಗುವುದು ದೊಡ್ಡಪ್ಪನ ಜಗಲಿಗೆ, ಓದುವವರು ಅವರೇ ಎಂದು ಅವಳಿಗೆ ಹೇಗೆ ವಿವರಿಸಲಿ? ಆ ದೃಶ್ಯ ಒಂದಿದ್ದರೆ ಸಮಿತಿ ಒಪ್ಪುವುದು ಖಂಡಿತ ಎಂದಳು. ನನಗೂ ಅದು ಗೊತ್ತಿತ್ತು. ಒಂದು ವಾರ ನಿದ್ದೆಗೆಟ್ಟೆ, ಗಂಡನ ಮೇಲೆ ಸುಮ್ಮಸುಮ್ಮನೆ ಹರಿಹಾಯ್ದೆ. "ಹೋಗದಿದ್ದರೆ ಇಲ್ಲಿ ನೀನೂ ಇರುವುದಿಲ್ಲ, ನನ್ನನ್ನೂ ಇರಗೊಡುವುದಿಲ್ಲ, ಹೋಗಿ ಬಾ" ಎಂದ ಅವನು. ಶನಿವಾರ ಜೋಡಣೆಯಿಂದ ಆ ಇಪ್ಪತ್ತೆಂಟು ಸೆಕೆಂಡುಗಳನ್ನು ಕತ್ತರಿಸಿ ಬೇರೆ ಡಬ್ಬಿಗೆ ಹಾಕಿದೆ. ಸಮಿತಿಯಲ್ಲಿ ನನ್ನ ಜಾಗ ಬಿಟ್ಟುಕೊಡುತ್ತೇನೆಂದು ಬರೆದುಕೊಟ್ಟೆ. ಟೇಪುಗಳನ್ನು ಒಂದು ಕ್ಯಾಸೆಟ್ಟಿಗೆ ಇಳಿಸಿಕೊಂಡು, ಕ್ಯಾಮೆರಾ ಮತ್ತು ಎರಡು ಡಬ್ಬಿ ಫಿಲಂ ಚೀಲಕ್ಕೆ ಹಾಕಿಕೊಂಡು ಹೊರಟೆ. ಕ್ಯಾಮೆರಾ ಯಾಕೆ ತೆಗೆದುಕೊಂಡೆನೋ, ಅಭ್ಯಾಸಬಲ.

ಮೊದಲು ಹೋದದ್ದು ಪಾಂಡವಪುರದ ಆಲೆಮನೆಗೆ. ನೀರುಗಂಟಿ ಗಾಣಕ್ಕೆ ಕಬ್ಬು ಕೊಡುತ್ತಿದ್ದ. ನನ್ನನ್ನು ನೋಡಿದ, ಕೈಯಲ್ಲಿದ್ದ ಕಬ್ಬು ಮುಗಿಯುವವರೆಗೂ ನಿಲ್ಲಿಸಲಿಲ್ಲ.

"ಏನ್ ಬಂದ್ಬುಟ್ಟೆ ಅವ್ವ? ಸಿನಿಮಾ ಮುಗೀನಿಲ್ವ?"

"ಪಂಚಾಯ್ತಿಯಲ್ಲಿ ನೀವ್ಯಾಕೆ ಹೇಳಲಿಲ್ಲ?"

"ಯಾರ್ ಮುಂದೆ ಏಳ್ಲಿ? ಗೌಡ್ರು ಅಲ್ಲೇ ಕೂತಿದ್ರು. ಅವ್ರೇ ಏಳ್ಲಿ ಅಂತ ಕಾದೆ. ಅವ್ರು ಏಳ್ನಿಲ್ಲ. ಇನ್ ನಾನ್ ಏಳುದ್ರೆ ತಪ್ನ ಗೌಡ್ರ ಮನೆಮಗಳ ಮೇಲೆ ಆಕ್ತಾವ್ನೆ ಅಂತಿದ್ರು."

"ನಾನು ಹೇಳೋಕ್ಕೆ ಬಂದಿದೀನಿ. ನೀವೂ ಬನ್ನಿ."

"ಬತ್ತೀನಿ ಅಂತ ಏಳಾಕಿಲ್ಲ" ಎಂದು ಮತ್ತೆ ಕಬ್ಬಿನ ಕಂತೆಗೆ ಬಗ್ಗಿದ.

ಸಂಜೆ ದೊಡ್ಡಪ್ಪನ ಜಗಲಿಯಲ್ಲಿ ಕ್ಯಾಸೆಟ್ಟು ಹಾಕಿದೆ. ತಮ್ಮ ದನಿ ಬಂದ ಕೂಡಲೇ ಅವರು ಎಲೆಅಡಿಕೆ ಪಕ್ಕಕ್ಕಿಟ್ಟರು. ಅರ್ಧಕ್ಕೇ ಎದ್ದು ನಿಂತರು.

"ಅಷ್ಟು ದೂರದಿಂದ ಮನೆ ಮಾನ ತೆಗೆಯಕ್ ಬಂದ್ಯೇನವ್ವ?"

"ಪೂರ್ತಿ ಕೇಳಿ ದೊಡ್ಡಪ್ಪ."

"ಏನ್ ಕೇಳೋದು? ಒಂದು ಗಳಿಗೆ ಎತ್ತುಸ್ದೆ, ಮುಚ್ಚು ಅಂತ ಏಳಿ ಬಂದೆ. ಒಂದು ಗಳಿಗೆಗೆ ಗದ್ದೆ ಒಣಗ್ತದಾ? ಆಮೇಲೆ ಅವನೇ ಮಾರ್ಕೊಂಡಿರ್ಬೇಕು ಅಂತ್ಲೇ ನಾನೂ ಅನ್ಕೊಂಡಿದ್ದು. ಇಲ್ದಿದ್ರೆ ಸುಮ್ಕಿರ್ತಿದ್ನಾ?"

ಆಗ ಟೇಪಿನಲ್ಲಿ ನನ್ನ ದನಿ ಬಂತು. ಇನ್ನೊಂದ್ಸಲ. ಸ್ವಲ್ಪ ಹೊತ್ತಿಗೆ ಮತ್ತೆ. ದೊಡ್ಡಪ್ಪ ನಿಧಾನಕ್ಕೆ ಕೂತರು. ಒಳಗಿನಿಂದ ದೊಡ್ಡವ್ವ ಬಂದು ಬಾಗಿಲಿಗೆ ಒರಗಿ ನಿಂತಿದ್ದಳು.

"ನೀನಾ?" ಅಂದರು ದೊಡ್ಡಪ್ಪ.

"ನಾನೇ. ನಿಮ್ಮದು ಒಂದು ಸಲ, ನಂದು ಎರಡು. ನಂದನ್ನ ನಾಳೆ ಎಲ್ಲರ ಮುಂದೆ ಹೇಳ್ತೀನಿ."

ದೊಡ್ಡವ್ವ ಮಾತಾಡಿದಳು. "ಪಂಚಾಯ್ತಿ ಆದಾಗ್ಲಿಂದ ಅವನೆಡ್ತಿ ನಮ್ಮನೆ ಬಾಗ್ಲಿಗೆ ಬಂದಿಲ್ಲ. ಯಾಕ್ ಅಂತ ನನ್ಗೊಂದು ಮಾತು ಏಳ್ನಿಲ್ವಲ್ಲ ನೀವು" ಎಂದು ಗಂಡನಿಗೆ ಹೇಳಿ ಒಳಗೆ ಹೋದಳು. ಆ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ.

ಬೆಳಿಗ್ಗೆ ಕವಲಿನ ಹತ್ತಿರ ಎರಡೂ ಊರಿನ ಗಂಡಸರು ಸೇರಿದ್ದರು, ಹಿಂದುಗಡೆ ಹತ್ತಿಪ್ಪತ್ತು ಹೆಂಗಸರು. ಹೂಳು ತೆಗೆದ ಕಾಲುವೆ ನುಣುಪಾಗಿ ಕಾಯುತ್ತಿತ್ತು. ನೀರುಗಂಟಿ ಬಂದಿದ್ದ. ಆದರೆ ಗುಂಪಿಗೆ ಸೇರದೆ ದೂರದ ಹೊಂಗೆಮರದ ಕೆಳಗೆ ನಿಂತಿದ್ದ. ಹೊಸಬನ ಹೆಸರು ಹೇಳುವ ಮುಂಚೆ ನಾನು ಎದ್ದು ನಿಂತೆ. ಕ್ಯಾಸೆಟ್ಟು ಕೈಯಲ್ಲಿತ್ತು. "ಹೋದ ವರ್ಷದ ನೀರಿನ ವಿಷಯ..." ಎಂದು ಶುರು ಮಾಡಿದೆ.

"ಕೂತ್ಕೊ" ಎಂದರು ದೊಡ್ಡಪ್ಪ. ಎದ್ದರು. "ಅವತ್ತು ಅಲಗೆ ಎತ್ತು ಅಂದಿದ್ದು ನಾನು. ಅವನು ಬ್ಯಾಡ ಅಂದ. ನಾನು ಕೇಳ್ನಿಲ್ಲ. ಪಂಚಾಯ್ತಿನಾಗೆ ಏಳ್ಬೇಕಿತ್ತು, ಏಳ್ನಿಲ್ಲ. ಅವನು ನೀರು ಮಾರಿಲ್ಲ."

ಗುಂಪಿನಲ್ಲಿ ಗುಸುಗುಸು ಎದ್ದಿತು. ಆಗ ನಾನು ನನ್ನದನ್ನು ಹೇಳಿದೆ. ಎರಡನೇ ಸಲ, ಮೂರನೇ ಸಲ, ಯಾಕೆ ಎತ್ತಿಸಿದೆ ಎಂದು. ನೆರಳು, ಕೀ, ಮಣ್ಣು ಉದುರಿಸಿದ್ದು, ಎಲ್ಲ. ಹೇಳುತ್ತ ಹೋದ ಹಾಗೆ ಎಷ್ಟು ಸಣ್ಣ ಕಾರಣಗಳು ಇವು ಎನ್ನಿಸಿತು. ಕೆಳಗಿನೂರಿನ ಕೊನೆಗದ್ದೆಯ ಹೆಂಗಸೊಬ್ಬಳು ಹಿಂದಿನಿಂದ ಕೇಳಿದಳು.

"ನಮ್ ಗದ್ದೆ ಅದೆಯಾ ನಿನ್ ಸಿನಿಮಾದಾಗೆ?"

"ಇಲ್ಲ."

"ಬಂದು ನೋಡಾದ್ರೂ ನೋಡಿದ್ಯಾ?"

"ಇಲ್ಲ" ಎಂದೆ. ಮೂರು ವಾರ ಆ ಕಾಲುವೆಯ ಮೇಲೆ ಓಡಾಡಿದ್ದೆ, ಅದರ ಕೊನೆಯವರೆಗೆ ಹೋಗಿರಲಿಲ್ಲ. ಅವಳು ತಲೆಯಾಡಿಸಿದಳು, ಬೈಯಲಿಲ್ಲ. ಬೈದಿದ್ದರೆ ವಾಸಿಯಾಗಿತ್ತು.

ಕೆಳಗಿನೂರಿನ ಹಿರಿಯರೊಬ್ಬರು ಹೊಂಗೆಮರದ ಕಡೆಗೆ ತಿರುಗಿ ಕೂಗಿದರು. "ಬಾರಪ್ಪಾ ಈ ಕಡೆ. ನಮ್ಮಿಂದ ತಪ್ಪಾಗೋಯ್ತು. ಗುದ್ದಲಿ ಇಡ್ಕೊ."

ನೀರುಗಂಟಿ ಬಂದ. ಗುದ್ದಲಿ ಮುಟ್ಟಲಿಲ್ಲ.

"ಇಡೀತೀನಿ. ಆದ್ರೆ ಮೊದುಲ್ನೇ ಸರದಿ ನಮ್ಮೂರ್ದು. ಗೌಡ್ರ ಗದ್ದೆಗೆ ನೀರು ಓಗೋ ಮಡೆ ನಾನು ಮುಚ್ತೀನಿ. ಈ ಸರದಿ ಪೂರ್ತಿ ಅವ್ರಿಗೆ ನೀರಿಲ್ಲ. ಆ ನೀರು ನಮ್ ಕವಲ್ ತುದಿಯಿಂದ ಕೆಳಗ್ಲೂರ್ ಕೊನೆಗದ್ದೆಗೆ ಇಳೀಲಿ. ಒಪ್ಪಿದ್ರೆ ಏಳಿ."

ಅಂಥ ಮಾತನ್ನು ಅವನು ಆ ಗುಂಪಿನಲ್ಲಿ ಆಡುತ್ತಾನೆಂದು ಯಾರೂ ಎಣಿಸಿರಲಿಲ್ಲ. ನಾಟಿಯ ಹೊತ್ತು, ಬಾವಿ ನೀರಿನಲ್ಲಿ ಎಬ್ಬಿಸಿದ ದೊಡ್ಡಪ್ಪನ ಪೈರು ಮಡಿಯಲ್ಲಿ ಕಿತ್ತು ನೆಡಲು ತಯಾರಾಗಿತ್ತು. ಅವರ ಮುಖ ಕೆಂಪಾಯಿತು. ಬಿಳಿ ಪಂಚೆಯ ತುದಿಯನ್ನು ಎರಡು ಸಲ ಕೊಡವಿದರು.

"ಮುಚ್ಕೊ" ಅಂದರು.

ಹಲಗೆ ಎತ್ತಿದರು, ನೀರು ಬಂತು. ನಾನು ನೀರನ್ನು ನೋಡಲಿಲ್ಲ, ನೀರುಗಂಟಿಯ ಹಿಂದೆ ಹೋದೆ. ನನ್ನ ಹಿಂದೆ ಎರಡೂ ಊರು ಬಂತು. ದೊಡ್ಡಪ್ಪನ ಗದ್ದೆಯ ಮಡೆಯ ಹತ್ತಿರ ಅವನು ಕಾಲುವೆಗಿಳಿದು, ನನ್ನ ಕಡೆ ತಿರುಗಿ, "ಸಿನಿಮಾ ಪೆಟ್ಟಿಗೆ ತಂದಿದ್ದೀಯಾ ಅವ್ವ?" ಎಂದು ಕೇಳಿದ. ತಂದಿದ್ದೇನೆ ಎಂದೆ. "ಇದ್ನ ತಕ್ಕೊ. ಅಲಗೆ ಎತ್ತೋದ್ನ ಯಾರಾದ್ರೂ ಮಾಡ್ತಾರೆ. ನನ್ ಕೆಲ್ಸ ಮುಚ್ಚೋದು."

ಕೀ ಕೊಟ್ಟು ಕಣ್ಣಿಟ್ಟೆ. ಅವನು ಹುಲ್ಲಿನ ಸಿಂಬಿ ಸುತ್ತಿ ಮಡೆಯ ಬಾಯಿಗೆ ತುರುಕಿದ, ಎರಡು ಕಲ್ಲು ಇಟ್ಟ, ಗುದ್ದಲಿಯಿಂದ ಜೇಡಿ ಎತ್ತಿ ಮೆತ್ತಿದ, ಅಂಗೈಯಿಂದ ಸವರಿದ. ಬಂದ ನೀರು ಆ ಮಣ್ಣನ್ನು ಮುಟ್ಟಿ, ಒಂದು ಸುತ್ತು ತಿರುಗಿ, ಮುಂದಕ್ಕೆ ಹೋಯಿತು. ಏರಿಯ ಮೇಲೆ ದೊಡ್ಡಪ್ಪ ಕೈಕಟ್ಟಿ ನಿಂತು ನೋಡುತ್ತಿದ್ದರು.

ಕೆಲಸ ಮುಗಿದ ಮೇಲೆ ಅವನು ಕೈ ತೊಳೆದುಕೊಳ್ಳುತ್ತಿರುವಾಗ ಹತ್ತಿರ ಹೋಗಿ, ನನ್ನಿಂದ ತಪ್ಪಾಯಿತು ಎಂದೆ. ಇದನ್ನೇ ಚಿತ್ರದ ಕೊನೆಗೆ ಹಾಕುತ್ತೇನೆ, ಮುಂದೆ ಎಂದಾದರೂ ಜಾಗ ಸಿಕ್ಕರೆ ಅಲ್ಲಿಯ ಜನವೆಲ್ಲ ನೋಡುತ್ತಾರೆ ಎಂದೆ. ಅವನು ನನ್ನ ಮುಖ ನೋಡಲಿಲ್ಲ. ಏರಿಯ ಉದ್ದಕ್ಕೂ ನಿಂತಿದ್ದ ಎರಡೂ ಊರಿನ ಮುಖಗಳನ್ನು ಒಂದೊಂದಾಗಿ ನೋಡಿದ.

"ನಿಮ್ ದೇಸ್ದೋರು ಆಮ್ಯಾಕೆ ನೋಡ್ಲಿ ಬುಡವ್ವ" ಅಂದ. "ನನ್ನ ಕಳ್ಳ ಅಂದಿದ್ದು ಇವ್ರು. ಮೊದ್ಲು ಇವ್ರು ನೋಡ್ಲಿ."